ಒಂದೇ ಗುಣ, ಮೂರು ಪಿರಿಯಡ್

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ‘ಗುಣ’ ಅನ್ನೋ ಪದ ಒಂದೇ ದಿನ ಮೂರು ಕಡೆಯಿಂದ ಬಂದು ಕಿವಿಗೆ ಬೀಳಬಹುದು. ಕನ್ನಡದ ಪಿರಿಯಡ್‌ನಲ್ಲಿ ಗುಣಸಂಧಿ, ಗುಣವಾಚಕ. ಗಣಿತದಲ್ಲಿ ಗುಣಾಕಾರ, ಗುಣಕ, ಗುಣಲಬ್ಧ. ವಿಜ್ಞಾನದಲ್ಲಿ ಲೋಹಗಳ ಗುಣಧರ್ಮ. ಸಂಜೆ ಮನೆಗೆ ಬಂದರೆ ಅಜ್ಜಿ ಪಕ್ಕದ ಮನೆಯವರನ್ನು ಕೇಳ್ತಿರ್ತಾಳೆ, “ಜ್ವರಾ ಗುಣಾ ಆತೇನವಾ?” ಇನ್ನು ನೌಕರಿಗೆ ಹತ್ತಿದ ನಮ್ಮಂಥವರ ಫೋನಿನಲ್ಲಿ ಜಾತಕ ಕೂಡಿಸೋ ಆ್ಯಪ್ 36ಕ್ಕೆ ಎಷ್ಟು ಗುಣ ಬಂತು ಅಂತ ಲೆಕ್ಕ ಕೊಡ್ತದೆ.

ಇವೆಲ್ಲ ಒಂದೇ ಪದವೋ, ಬೇರೆ ಬೇರೆಯೋ?

ವ್ಯಾಕರಣದಿಂದ ಶುರು ಮಾಡೋಣ. ಅ ಅಥವಾ ಆ ಮುಂದೆ ಇ, ಈ ಬಂದರೆ ಏ. ಉ, ಊ ಬಂದರೆ ಓ. ಋ ಬಂದರೆ ಅರ್. ಇದು ಗುಣಸಂಧಿ. ಪಾಣಿನಿ ತನ್ನ ಅಷ್ಟಾಧ್ಯಾಯಿಯ ಎರಡನೇ ಸೂತ್ರದಲ್ಲೇ ಅ, ಏ, ಓ ಈ ಮೂರು ಸ್ವರಗಳಿಗೆ ‘ಗುಣ’ ಅಂತ ಹೆಸರಿಟ್ಟ. ಉದಾಹರಣೆಗೆ ಪುಸ್ತಕ ತೆಗೀಬೇಕಾಗಿಲ್ಲ, ನಮ್ಮ ಜಿಲ್ಲೆಯ ಬಸ್ ಹತ್ತಿದರೆ ಸಾಕು. ಗದಗಿನ ತ್ರಿಕೂಟೇಶ್ವರ ಅಂದರೆ ತ್ರಿಕೂಟ + ಈಶ್ವರ. ಲಕ್ಷ್ಮೇಶ್ವರಕ್ಕೆ ಹೋದರೆ ಸೋಮೇಶ್ವರ, ಅಂದರೆ ಸೋಮ + ಈಶ್ವರ. ಎರಡೂ ಗುಣಸಂಧಿ. ಮುಂಡರಗಿಯಲ್ಲಿ ಮಾತ್ರ ಹುಷಾರು. ಅಲ್ಲಿನ ಅನ್ನದಾನೀಶ್ವರ ಮಠದ ಹೆಸರು ಅನ್ನದಾನಿ + ಈಶ್ವರ. ಇ ಮತ್ತು ಈ ಸೇರಿ ಈ ಆಗಿದೆ, ಅದು ಸವರ್ಣದೀರ್ಘ.

ಶಿರಹಟ್ಟಿಗೆ ಬಂದರೆ ನಿಯಮಕ್ಕೇ ಒಂದು ಪರೀಕ್ಷೆ. ಫಕೀರ + ಈಶ್ವರ, ಫಕೀರೇಶ್ವರ. ಗುಣಸಂಧಿ ಎರಡು ಸಂಸ್ಕೃತ ಪದಗಳ ನಡುವೆ ಆಗೋದು ಅಂತ ಪಾಠ ಹೇಳ್ತದೆ. ಫಕೀರ ಅರಬ್ಬಿಯಿಂದ ಬಂದ ಪದ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳೋ ಆ ಮಠಕ್ಕೆ ಹೆಸರು ಇಡುವಾಗ ಜನ ಯಾವ ಪದದ ಊರು ಯಾವುದು ಅಂತ ಕೇಳಲಿಲ್ಲ. ಅ ಮತ್ತು ಈ ಅಕ್ಕಪಕ್ಕ ಬಂದವು, ಏ ಆಯ್ತು, ಅಷ್ಟೇ.

ಈಗ ಗಣಿತ. ಸಂಸ್ಕೃತದಲ್ಲಿ ಗುಣ ಅಂದರೆ ದಾರ, ಹಗ್ಗದ ಒಂದು ಎಳೆ. ಬಿಲ್ಲಿನ ಹೆದೆಗೂ ಗುಣ ಅಂತಾರೆ. ಎರಡೆಳೆಯದ್ದು ದ್ವಿಗುಣ, ಮೂರೆಳೆಯದ್ದು ತ್ರಿಗುಣ. ಎಳೆ ಎಣಿಸೋ ಮಾತೇ ಮುಂದೆ ಎರಡು ಪಟ್ಟು, ಮೂರು ಪಟ್ಟು ಅನ್ನೋ ಅರ್ಥಕ್ಕೆ ತಿರುಗಿತು. ಗುಣಾಕಾರ ಬಂದದ್ದು ಈ ದಾರಿಯಲ್ಲಿ. ಕನ್ನಡದ ಇಮ್ಮಡಿ, ಮುಮ್ಮಡಿ ನೋಡಿ: ಅಲ್ಲಿರೋದು ಮಡಿ, ಅಂದರೆ ಮಡಚಿದ ಪದರು. ಸಂಸ್ಕೃತ ನೂಲಿನ ಎಳೆ ಎಣಿಸಿತು, ಕನ್ನಡ ಬಟ್ಟೆಯ ಮಡಿಕೆ ಎಣಿಸಿತು. ಕೈಮಗ್ಗದ ಬೆಟಗೇರಿಯಲ್ಲಿ ಬೆಳೆದ ಹುಡುಗರಿಗೆ ಗುಣಾಕಾರ ಹೇಳಿಕೊಡೋಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ತಿರುಳ್ಗನ್ನಡದ ನಾಡಿನೊಳಗೆ ಪುಲಿಗೆರೆಯನ್ನು, ಅಂದರೆ ಇವತ್ತಿನ ಲಕ್ಷ್ಮೇಶ್ವರವನ್ನು ಹೆಸರಿಸಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಆಗಲೇ. ಅದರಲ್ಲಿ ಕಾವ್ಯದ ದೋಷ, ಕಾವ್ಯದ ಗುಣಗಳ ಚರ್ಚೆ ಇದೆ. ಅದೇ ಅರಸನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಗುಣಾಕಾರದ ಲೆಕ್ಕಗಳಲ್ಲಿ ಕೆಲವಕ್ಕೆ ಉತ್ತರ ಹಾರದ ಹಾಗೆ ಬರ್ತದೆ. 142857143 ಅನ್ನು 7ರಿಂದ ಗುಣಿಸಿ: 1000000001. ಎರಡು ತುದಿಗೆ ಒಂದೊಂದು ಮಣಿ, ನಡುವೆ ಬರೀ ಸೊನ್ನೆ. ಇಂಥವನ್ನು ಅವನು ಅರಸರ ಕೊರಳಹಾರಕ್ಕೆ ಹೋಲಿಸಿದ. ಹಾರ ಪೋಣಿಸೋಕೆ ಬೇಕಾಗೋದೂ ಗುಣವೇ, ಅಂದರೆ ದಾರ.

ವಿಜ್ಞಾನದಲ್ಲಿ ಗುಣ ಅಂದರೆ ವಸ್ತುವಿನ ಸ್ವಭಾವ. ತಾಮ್ರ ವಿದ್ಯುತ್ ಹರಿಸ್ತದೆ, ಬಡಿದರೆ ತಗಡಾಗ್ತದೆ, ಎಳೆದರೆ ತಂತಿಯಾಗ್ತದೆ. ಈ ಎಳೆಗಳೆಲ್ಲ ಸೇರಿದರೆ ತಾಮ್ರ. ಸಾಂಖ್ಯರು ಪ್ರಕೃತಿಯನ್ನು ಸತ್ವ, ರಜಸ್ಸು, ತಮಸ್ಸು ಅನ್ನೋ ಮೂರು ಗುಣಗಳಿಂದ ಆದದ್ದು ಅಂದರು. ಅದನ್ನು ಮೂರೆಳೆ ಹೊಸೆದ ಹಗ್ಗಕ್ಕೆ ಹೋಲಿಸೋದುಂಟು. ಆಯುರ್ವೇದ 20 ಗುಣಗಳನ್ನು 10 ಜೋಡಿ ಮಾಡಿ ಇಟ್ಟಿದೆ: ಗುರು-ಲಘು, ಶೀತ-ಉಷ್ಣ, ಹೀಗೆ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರೋ ಕಪ್ಪತಗುಡ್ಡದ ಗಿಡಮೂಲಿಕೆ ಬಲ್ಲವರು ಬೇರು ಕೈಯಲ್ಲಿ ಹಿಡಿದು “ಇದರ ಗುಣಾ ಉಷ್ಣ” ಅಂದರೆ ಅದು ಈ ಲೆಕ್ಕದ್ದೇ. ಔಷಧಿ ತನ್ನ ಗುಣ ತೋರಿಸಿದರೆ ರೋಗಿಗೆ ಗುಣ ಆಗ್ತದೆ. ಅಜ್ಜಿಯ ಮಾತು ವಿಜ್ಞಾನದ ಪಿರಿಯಡ್‌ನಿಂದ ಬಹಳ ದೂರ ಇಲ್ಲ. ಗಡಿಯಾಚೆ ಮರಾಠಿಯಲ್ಲಂತೂ ಪರೀಕ್ಷೆಯ ಅಂಕಗಳಿಗೇ ಗುಣ ಅಂತಾರೆ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಗದಗಿನಲ್ಲಿ ಎಸ್ಸೆಸ್ಸೆಲ್ಸಿ ಓದ್ತಿರೋ ನನ್ನ ಅಕ್ಕನ ಮಗಳು ಹೋದ ತಿಂಗಳು ಫೋನಿನಲ್ಲಿ ಒಂದು ಮಾತು ಅಂದಳು. “ಮಾಮಾ, ಪಿಯುಸಿಗೆ ಸೈನ್ಸ್ ಬ್ಯಾಡ ಅನಸಾಕತ್ತೈತಿ. ಶಬ್ದ ಎಲ್ಲಾ ಬಾಯಿಪಾಠನ ಮಾಡಬೇಕು. ಒಂದೂ ನಮ್ಮವು ಅನಸೂದಿಲ್ಲ.” ಲೆಕ್ಕದಲ್ಲಿ ಅವಳು ಹಿಂದಿಲ್ಲ. ಅವಳನ್ನು ಹೆದರಿಸಿದ್ದು ಪದಗಳು. ನಾನು ದಾರದ ಕಥೆಯನ್ನಷ್ಟೇ ಹೇಳಿದೆ. ಮರುದಿನ ವಾಟ್ಸಾಪಿನಲ್ಲಿ ಅವಳಿಂದ ಒಂದು ಮೆಸೇಜ್: “ಗುಣೋತ್ತರ ಶ್ರೇಢಿ ಐತೆಲ್ಲಾ ಮಾಮಾ, 2, 6, 18, 54. ಗುಣ + ಉತ್ತರ. ಅ ಮುಂದ ಉ ಬಂದು ಓ ಆಗೇತಿ. ಗಣಿತದ ಶಬ್ದದಾಗ ಗುಣಸಂಧಿ!”

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸೈನ್ಸ್ ತಗೋತಾಳೋ ಇಲ್ಲವೋ ಅವಳಿನ್ನೂ ತೀರ್ಮಾನ ಮಾಡಿಲ್ಲ, ಮಾಡಬೇಕಾದವಳೂ ಅವಳೇ. ಆದರೆ ಬಾಗಿಲು ಹಾಕೋ ಕಾರಣ ಪದಗಳು ಆಗಬಾರದು.

ನಮ್ಮ ಶಾಲೆಗಳಲ್ಲಿ ಕನ್ನಡದ ಮೇಷ್ಟ್ರು ಗಣಿತದ ಪುಸ್ತಕ ತೆಗೆಯೋದಿಲ್ಲ, ಗಣಿತದವರಿಗೆ ಸಂಧಿ ಬಿಡಿಸೋ ಪುರುಸೊತ್ತಿಲ್ಲ. ಮೂವರ ಕೈಯಲ್ಲೂ ಇರೋದು ಒಂದೇ ದಾರ ಅಂತ ಮಕ್ಕಳಿಗೆ ಯಾರೋ ಒಬ್ಬರು ಹೇಳಬೇಕು. ಆ ಮೂರೂ ಪಿರಿಯಡ್ ಕೂತು ಎದ್ದು ಬಂದವರು ನಾವೇ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮನೆಯಲ್ಲಿ ಓದೋ ಮಕ್ಕಳಿದ್ದರೆ ಮಾರ್ಕ್ಸ್ ಎಷ್ಟು ಬಂತು ಅನ್ನೋದಕ್ಕಿಂತ ಮೊದಲು ಇದೊಂದು ಕೇಳಿ: ‘ಮೂಲ’ ಅನ್ನೋ ಪದ ನಿನಗೆ ಯಾವ್ಯಾವ ಪಿರಿಯಡ್‌ನಲ್ಲಿ ಸಿಕ್ಕಿದೆ?