ಗಾಯಾಳುವಿನ ಪಾಲು, ವಕೀಲನ ಪಾಲು



ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ವನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಬೆಳಕು ಹರಿಯುವ ಮುನ್ನವೇ ಟ್ರ್ಯಾಕ್ಟರುಗಳ ಸದ್ದು ಕೇಳತೊಡಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರ ತಾಲ್ಲೂಕುಗಳಿಗೆ ಹರಿದು ಬಂದ ಮೇಲೆ ಬೆಳೆ ಹೆಚ್ಚಿತು, ಕೂಲಿಯ ಕೆಲಸವೂ ಹೆಚ್ಚಿತು. ಬುತ್ತಿಗಂಟು ಹಿಡಿದ ತಾಯಂದಿರು ಟ್ರಾಲಿಯಲ್ಲಿ ಒತ್ತೊತ್ತಾಗಿ ಕುಳಿತು ಹೊಲಕ್ಕೆ ಸಾಗುವುದನ್ನು ಕಂಡಾಗಲೆಲ್ಲ, ಅಪಘಾತ ಪರಿಹಾರದ ದಾವೆಗಳಲ್ಲಿಯೇ ವೃತ್ತಿಯನ್ನು ಸವೆಸಿದ ನನ್ನ ಎದೆ ಅಳುಕುತ್ತದೆ.

ಹಿಂದೊಮ್ಮೆ ಟ್ರಾಲಿ ಮಗುಚಿ ಕಾಲು ಕಳೆದುಕೊಂಡ ತರುಣನ ತಾಯಿ ನನ್ನ ಬಳಿಗೆ ಬಂದಿದ್ದಳು. “ಟ್ರ್ಯಾಕ್ಟರಿಗೆ ಇನ್ಸೂರೆನ್ಸ್ ಇತ್ತಲ್ರಿ ಯಪ್ಪಾ, ರೊಕ್ಕ ಯಾಕ ಬರಂಗಿಲ್ಲ?” ಎಂಬ ಆಕೆಯ ಪ್ರಶ್ನೆಗೆ ಸಮಾಧಾನ ಹೇಳುವುದು ಸುಲಭವಾಗಿರಲಿಲ್ಲ. ಸರಕಿನ ವಾಹನದಲ್ಲಿ ಪ್ರಯಾಣಿಕರಾಗಿ ಕುಳಿತವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆಶಾರಾಣಿ ಪ್ರಕರಣದಲ್ಲಿ 2002ರಲ್ಲಿ ತೀರ್ಮಾನಿಸಿದೆ. ಹೀಗಾಗಿ ಭಾರವೆಲ್ಲ ಸಾಮಾನ್ಯವಾಗಿ ಮಾಲೀಕನ ಮೇಲೆ ಬೀಳುತ್ತದೆ. ಈ ಮಾಲೀಕನೋ ಸಾಲದ ಟ್ರ್ಯಾಕ್ಟರಿನ ಸಣ್ಣ ಹಿಡುವಳಿದಾರ, ಅದೇ ಓಣಿಯವನು. ತೀರ್ಪು ನಮ್ಮಂತೆಯೇ ಆಯಿತು. ಹಣ ಮಾತ್ರ ಪೂರ್ತಿಯಾಗಿ ಕೈಸೇರಲಿಲ್ಲ. ಎರಡು ಮನೆಗಳು ಮಾತು ಬಿಟ್ಟವು.

ಪರಿಹಾರವೆಂಬುದು ದಾನವಲ್ಲ, ಅದಕ್ಕೊಂದು ಲೆಕ್ಕವಿದೆ. 2009ರ ಸರಳಾ ವರ್ಮಾ ಹಾಗೂ 2017ರ ಪ್ರಣಯ್ ಸೇಠಿ ತೀರ್ಪುಗಳು ಆ ಲೆಕ್ಕವನ್ನು ಸ್ಥಿರಗೊಳಿಸಿವೆ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ, ನಾಲ್ವರು ಅವಲಂಬಿತರಿರುವ 35 ವರ್ಷದ ಕೂಲಿಕಾರ ತೀರಿಕೊಂಡನೆನ್ನಿ. ಮುಂದಿನ ಗಳಿಕೆಗೆಂದು ಶೇಕಡಾ 40 ಸೇರಿಸಿ, ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದು, ವರ್ಷದ ಮೊತ್ತವನ್ನು 16ರಿಂದ ಗುಣಿಸಿದರೆ 24,19,200 ರೂಪಾಯಿ ಆಗುತ್ತದೆ. ಅದೇ ಗಳಿಕೆಯನ್ನು 10,000 ಎಂದು ಹಿಡಿದರೆ 20,16,000ಕ್ಕೆ ಇಳಿಯುತ್ತದೆ. ಕೂಲಿ ಬರೆದಿಟ್ಟ ಒಂದು ಪುಸ್ತಕವೋ ಬ್ಯಾಂಕಿನ ಪಾಸ್‌ಬುಕ್ಕೋ ಸಾಕ್ಷಿಗೆ ಒದಗದಿದ್ದರೆ ಆಗುವ ನಷ್ಟ ಇದು.

ಅಂಗವೈಕಲ್ಯದ ವಿಷಯದಲ್ಲಿಯೂ ವೈದ್ಯರು ಬರೆದುಕೊಟ್ಟ ಶೇಕಡಾವಾರು ಅಂಕಿಯೇ ಕೊನೆಯಲ್ಲ. ಕೈ ಕಳೆದುಕೊಂಡ ಬಡಗಿಯ ನಷ್ಟವೂ ಗುಮಾಸ್ತನ ನಷ್ಟವೂ ಒಂದೇ ಅಲ್ಲ. ಕಾಯಕ ಎಷ್ಟು ಕುಂದಿತೆಂಬುದನ್ನು ನೋಡಬೇಕೆಂದು 2010ರ ರಾಜ್‌ಕುಮಾರ್ ಪ್ರಕರಣ ಹೇಳುತ್ತದೆ. ಮನುಷ್ಯನನ್ನು ಅವನ ಕಾಯಕದಿಂದ ಅರಿಯಬೇಕೆಂದ ಶರಣರ ನಾಡಿನವರಾದ ನಮಗೆ ಈ ಮಾತು ಹೊಸದಲ್ಲ. 2021ರ ಕೀರ್ತಿ ಪ್ರಕರಣದಲ್ಲಿ ಗೃಹಿಣಿಯ ಮನೆಗೆಲಸಕ್ಕೂ ನ್ಯಾಯಾಲಯ ಬೆಲೆ ಕಟ್ಟಿತು.

ಇನ್ನು ನನ್ನ ವೃತ್ತಿಬಾಂಧವರ ಮಾತು. ಅಮೆರಿಕದಲ್ಲಿ ಇಂತಹ ದಾವೆಗಳ ವಕೀಲರು ಪರಿಹಾರದ ಸುಮಾರು ಮೂರನೆಯ ಒಂದು ಭಾಗವನ್ನು ಪಡೆಯುವ ವಾಡಿಕೆಯುಂಟು. ನಮ್ಮಲ್ಲಿ ಹಾಗೆ ಪಾಲಿನ ಕರಾರು ಮಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಆದರೂ ಅದು ನಡೆಯುತ್ತದೆ. ವೃತ್ತಿಯ ಆರಂಭದಲ್ಲಿ ನಾನೂ ಒಮ್ಮೆ ಅಂತಹ ಪಾಲನ್ನು ಮನೆಗೆ ತಂದೆ. ಮನೆಯಾಕೆ ಕೇಳಿದ್ದು ಒಂದೇ ಮಾತು: “ಇದು ಆಕಿ ಕಾಲಿನ ರೊಕ್ಕ ಅಲ್ಲೇನ್ರಿ?” ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಮರುದಿನ ಆ ಹಣವನ್ನು ಹಿಂದಿರುಗಿಸಿದೆ. ಅಂದಿನಿಂದ ಶ್ರಮಕ್ಕೆ ತಕ್ಕ ಶುಲ್ಕವನ್ನು ಮೊದಲೇ ಹೇಳಿ, ಅಷ್ಟನ್ನೇ ಪಡೆದಿದ್ದೇನೆ.

ಓದುಗ ಕುಟುಂಬಗಳು ಕೆಲವು ಸಂಗತಿಗಳನ್ನು ನೆನಪಿಡಬೇಕು. ಅಪಘಾತವಾದ ಕೂಡಲೇ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿರಿ. ಆಸ್ಪತ್ರೆಯ ಒಂದು ಚೀಟಿಯನ್ನೂ ಎಸೆಯದಿರಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಗಡುವನ್ನು ಹೇಳುವುದರಿಂದ ಅದರೊಳಗೆ ಸಲ್ಲಿಸುವುದೇ ಕ್ಷೇಮ. ಅಪಘಾತ ಪುಣೆಯಲ್ಲಾದರೂ ತಾವು ವಾಸಿಸುವ ಸೀಮೆಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೂ ಅಂಗವಿಕಲರಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ದೊರೆಯುತ್ತದೆ.

ಟ್ರ್ಯಾಕ್ಟರ್ ಉಳ್ಳ ಬಂಧುಗಳಲ್ಲಿ ಕೊನೆಯದೊಂದು ವಿನಂತಿ. ಕೂಲಿಗೆ ಬರುವವರನ್ನು ಪ್ರಯಾಣಿಕರ ವಾಹನದಲ್ಲಿಯೇ ಕರೆತನ್ನಿರಿ. ಅದರ ಬಾಡಿಗೆ ನಿಮಗೆ ಭಾರವೆನಿಸಬಹುದು. ಆದರೆ ನಿಮ್ಮ ಹೊಲಕ್ಕೆ ಹೊರಟವರು ಸಂಜೆಗೆ ತಮ್ಮ ಕಾಲ ಮೇಲೆ ಮನೆಗೆ ಮರಳುವುದಕ್ಕಿಂತ ದೊಡ್ಡ ದಾಸೋಹ ಬೇರೆ ಯಾವುದಿದೆ?