ಹಾಲ್ ಮಠದ್ದು, ಸರಿ, ಸಾಲ ಯಾರದ್ದು?

ಆಷಾಢ ಬಂತೆಂದರೆ ನಮ್ಮ ಕಲ್ಯಾಣಮಂಟಪಗಳಿಗೆಲ್ಲ ಬೀಗ. ಓಲಗವಿಲ್ಲ, ಊಟವಿಲ್ಲ, ಒಳಗೆ ಪಾರಿವಾಳಗಳದೇ ದರ್ಬಾರು. ಚರ್ಚಿನ ಹಾಲ್, ಜಮಾತಿನ ಶಾದಿಮಹಲ್ ಕೂಡ ವರ್ಷದಲ್ಲಿ ಎಷ್ಟೋ ದಿನ ಖಾಲಿಯೇ. ಇತ್ತ ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಡಿಗ್ರಿ ಮುಗಿಸಿದ ಹುಡುಗರು ಮಾತ್ರ ಹನ್ನೆರಡು ತಿಂಗಳೂ ಫುಲ್!

ಈ ಎರಡನ್ನೂ ಕೂಡಿಸುವ ಉಪಾಯ ಹೊಸದೇನಲ್ಲ. 1982ರಲ್ಲೇ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಕೈಜೋಡಿಸಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ತೆರೆದವು. ಕೆಲಸವಿಲ್ಲದ ಹುಡುಗ ಹುಡುಗಿಯರನ್ನು ಕೆಲವು ವಾರ ಅಲ್ಲೇ ಇಟ್ಟುಕೊಂಡು, ಊಟ ವಸತಿ ಪುಕ್ಕಟೆ ಕೊಟ್ಟು ಕಸುಬು ಕಲಿಸುವುದು. ಬರೀ ಹೊಲಿಗೆ, ರಿಪೇರಿ ಅಲ್ಲ. ಲೆಕ್ಕ ಬರೆಯೋದು, ಗಿರಾಕಿಯನ್ನು ಮಾತಾಡಿಸೋದು, ಬ್ಯಾಂಕಿಗೆ ಅರ್ಜಿ ಹಾಕೋದು ಎಲ್ಲವೂ. ಊರಿಗೆ ಹೋದ ಮೇಲೂ 'ಅಂಗಡಿ ಏನಾಯ್ತಪ್ಪಾ' ಎಂದು ವಿಚಾರಿಸುವುದು. ಧರ್ಮಸಂಸ್ಥೆಯ ಮೇಲೆ ಜನಕ್ಕೆ ನಂಬಿಕೆ, ಬ್ಯಾಂಕಿನ ಕೈಯಲ್ಲಿ ದುಡ್ಡು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಲಿಲ್ಲ. ಮುಂದೆ ಕೇಂದ್ರ ಸರಕಾರವೇ ಇದನ್ನು ನೋಡಿ ಜಿಲ್ಲೆಗೊಂದು ಇಂಥ ತರಬೇತಿ ಸಂಸ್ಥೆ ಬೇಕೆಂದು ಬ್ಯಾಂಕುಗಳಿಗೆ ಹೊಣೆ ಹೊರಿಸಿತು. (ಅಂಗಡಿ ಬಾಗಿಲಿಗೇ ಬಂದು ಪಿಗ್ಮಿ ಕಟ್ಟಿಸಿಕೊಳ್ಳುತ್ತಿದ್ದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು. ಹಳೆ ವರ್ತಕರಿಗೆ ಅದೊಂದು ಬೇಜಾರು.)

ಈಗ ನಮ್ಮಲ್ಲೂ ಮಠ, ಜಮಾತು, ಚರ್ಚು ಜಾಗ ಬಿಟ್ಟುಕೊಡಲಿ ಎಂಬ ಮಾತು ಎದ್ದರೆ ಸಂತೋಷವೇ. ಆದರೆ ಎರಡು ಮಾತು ಮೊದಲೇ ಇತ್ಯರ್ಥವಾಗಲಿ. ಒಂದು, ಬಾಗಿಲಲ್ಲಿ ಜಾತಿ ಕೇಳಕೂಡದು, ಶಿಫಾರಸು ಚೀಟಿಯೂ ಬೇಡ. ಎರಡನೆಯದೇ ಕಷ್ಟದ್ದು. ತರಬೇತಿ ಮುಗಿಸಿದ ಹುಡುಗ ಸರ್ಟಿಫಿಕೇಟ್ ಹಿಡಿದು ಬ್ರಾಂಚಿಗೆ ಹೋದರೆ 'ಜಾಮೀನು ಯಾರು? ಮುಂದಿನ ವಾರ ಬಾ' ಎನ್ನುತ್ತಾರೆ. ಮುಂದಿನ ವಾರ ಮ್ಯಾನೇಜರು ರಜಾ. ಸಣ್ಣ ಉದ್ದಿಮೆಗೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡವು ಕೇಳಬೇಡಿ ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆಯಲ್ಲ ಸ್ವಾಮಿ? ಆ ಸುತ್ತೋಲೆ ಯಾವ ಬೀರುವಿನಲ್ಲಿದೆ?

ಸ್ವಾಮಿಗಳು ದೀಪ ಹಚ್ಚಿ, ಬ್ಯಾಂಕಿನವರು ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋದರೆ ಹುಡುಗ ಮತ್ತೆ ಅದೇ ಕಟ್ಟೆಗೆ ಬಂದು ಕೂರುತ್ತಾನೆ. ಕೊನೆಯ ದಿನ ಬ್ರಾಂಚ್ ಮ್ಯಾನೇಜರು ಅದೇ ಹಾಲಿನಲ್ಲಿ ಮೇಜು ಹಾಕಿ ಕೂತು ಅರ್ಜಿ ತಗೊಳ್ಳಲಿ, ತಿರಸ್ಕರಿಸಿದರೆ ಕಾರಣ ಬರೆದು ಕೊಡಲಿ. ಜಿಲ್ಲೆಯ ಬ್ಯಾಂಕರುಗಳ ಸಭೆ ಮೂರು ತಿಂಗಳಿಗೊಮ್ಮೆ ಇದ್ದೇ ಇದೆ. ಎಷ್ಟು ಜನ ಕಲಿತರು, ಎಷ್ಟು ಜನಕ್ಕೆ ಸಾಲ ಸಿಕ್ಕಿತು ಎಂಬ ಪಟ್ಟಿ ಅಲ್ಲಿ ಇಡಲಿ. ನಮಗೂ ಒಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ.