ತುರ್ತು ಬಾಗಿಲಿಗೆ ಅಪ್ಪಣೆಯ ಚೀಟಿ ಬೇಡ

ನಡುರಾತ್ರಿಯಲ್ಲಿ ಎದೆ ಹಿಂಡಿದಂತಾಗಿ, ಮೈಯೆಲ್ಲ ತಣ್ಣನೆಯ ಬೆವರಿನಿಂದ ತೊಯ್ದು, ನೋವು ಎಡತೋಳಿಗೆ ಇಳಿಯುತ್ತಿರಲು, ಅಮೆರಿಕದ ಗೃಹಸ್ಥನೊಬ್ಬನು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಧಾವಿಸಿದನೆನ್ನೋಣ. ಇ.ಸಿ.ಜಿ. ತೆಗೆದು, ರಕ್ತ ಪರೀಕ್ಷಿಸಿ, ಬೆಳಗಿನ ಜಾವಕ್ಕೆ ವೈದ್ಯರು ಇದು ಹೃದಯಾಘಾತವಲ್ಲ, ಆಮ್ಲಪಿತ್ತದ ಉಪದ್ರವವೆಂದರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಕೆಲವು ವಾರಗಳ ತರುವಾಯ, ಕಾಯಿಲೆಯು ತುರ್ತಿನದಲ್ಲವಾದುದರಿಂದ ವೆಚ್ಚವನ್ನು ಭರಿಸಲಾಗದೆಂದು ವಿಮಾ ಸಂಸ್ಥೆಯು ಬರೆದರೆ, ಅದು ಯಾವ ನ್ಯಾಯ?

1973ರ ಕಾಯಿದೆಯ ಬೆಂಬಲದಿಂದ ಆ ದೇಶದಲ್ಲಿ ಬೆಳೆದ ನಿರ್ವಹಿತ ಆರೋಗ್ಯ ಸೇವೆಯ ಮೂಲೋದ್ದೇಶವು ನಿಂದ್ಯವಾದುದಲ್ಲ. ಕುಟುಂಬ ವೈದ್ಯನ ಶಿಫಾರಸು, ವಿಮೆಯವರ ಪೂರ್ವಾನುಮತಿ, ಇವುಗಳಿಂದ ಅನಾವಶ್ಯಕ ಪರೀಕ್ಷೆಗಳಿಗೂ ಶಸ್ತ್ರಚಿಕಿತ್ಸೆಗಳಿಗೂ ಕಡಿವಾಣ ಹಾಕಬಹುದೆಂಬುದು ಅದರ ತರ್ಕ. ಆದರೆ ನಿಧಾನಕ್ಕೆ ಅವಕಾಶವಿರುವಲ್ಲಿ ಸಲ್ಲುವ ನಿಯಮವು ಪ್ರಾಣಭಯದ ಘಳಿಗೆಯಲ್ಲಿ ಸಲ್ಲದು. ಬಂದವನು ಹಣವುಳ್ಳವನೋ ಇಲ್ಲದವನೋ ಎಂದು ನೋಡದೆ ಪರೀಕ್ಷಿಸಿ, ಅವನ ಸ್ಥಿತಿಯನ್ನು ಸ್ಥಿಮಿತಕ್ಕೆ ತರತಕ್ಕದ್ದೆಂದು 1986ರ ಶಾಸನವು ತುರ್ತು ವಿಭಾಗಗಳನ್ನು ಕಟ್ಟಿಹಾಕಿತಾದರೂ, ಹಣ ತೆರುವ ಹೊಣೆಯನ್ನು ವಿಮೆಯವರ ಮೇಲೆ ಹೊರಿಸಲಿಲ್ಲ. ಆ ಕೊರತೆಯನ್ನು ಸರ್ಕಾರಿ ವಿಮೆಯ ನಿರ್ವಹಿತ ಯೋಜನೆಗಳ ಮಟ್ಟಿಗೆ 1997ರಲ್ಲಿಯೂ, ಖಾಸಗಿ ವಿಮೆಗಳ ಮಟ್ಟಿಗೆ 2010ರಲ್ಲಿಯೂ ಬಂದ ಶಾಸನಗಳು ತುಂಬಲೆತ್ನಿಸಿದುವು. ವೈದ್ಯಶಾಸ್ತ್ರವನ್ನರಿಯದ ವಿವೇಕಿಯೊಬ್ಬನಿಗೆ ತನ್ನ ಲಕ್ಷಣಗಳು ಅಪಾಯಕರವೆಂದು ತೋರಿದರೆ ಸಾಕು, ಕೊನೆಗೆ ತಿಳಿದುಬಂದ ರೋಗದ ಹೆಸರಿನಿಂದ ಅವನ ಭೀತಿಯನ್ನು ಅಳೆಯಕೂಡದೆಂಬುದು ಅವುಗಳ ಸಾರ. ಇದಕ್ಕಿಂತ ಮಾನವೀಯವಾದ ಮಾನದಂಡವನ್ನು ನಾನು ಕಾಣೆ. ರೋಗನಿರ್ಣಯವು ವೈದ್ಯನ ಕೆಲಸವೇ ಹೊರತು ರೋಗಿಯದಲ್ಲವಷ್ಟೆ!

ತುರ್ತು ವಿಭಾಗದಲ್ಲಿ ಸಣ್ಣಪುಟ್ಟ ಕಾಯಿಲೆಯವರೂ ನೆರೆಯುವರೆಂಬ ದೂರು ಸುಳ್ಳಲ್ಲ. ಆದರೆ ಸಂಜೆಗೆ ಮುಚ್ಚಿದ ಚಿಕಿತ್ಸಾಲಯವು ಬೆಳಗಿನವರೆಗೆ ತೆರೆಯದಿರುವಾಗ, ಜ್ವರದಿಂದ ನರಳುವ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ ಇನ್ನೆಲ್ಲಿಗೆ ಹೋಗಬೇಕು? ಜನಸಂದಣಿಯನ್ನು ತಗ್ಗಿಸಬಯಸುವವರು ರಾತ್ರಿಯ ಚಿಕಿತ್ಸಾಲಯಗಳನ್ನು ತೆರೆಯಲಿ. ಬಿಲ್ಲಿನ ಭಯವನ್ನು ಬಿತ್ತಿ ರೋಗಿಯನ್ನು ಮನೆಯಲ್ಲಿಯೇ ಕೂಡಿಹಾಕದಿರಲಿ.

ಈ ಮಾತು ನಮಗೂ ದೂರದ್ದಲ್ಲ. ಅಪಘಾತಕ್ಕೀಡಾದವನ ಪ್ರಾಣರಕ್ಷಣೆಯು ಕಾನೂನಿನ ವಿಧಿವಿಧಾನಗಳಿಗಾಗಿ ಕಾಯಕೂಡದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪಿತ್ತಿದೆ. ಕ್ಯಾಶ್‌ಲೆಸ್ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರವೀಯಬೇಕೆಂದು ವಿಮಾ ಪ್ರಾಧಿಕಾರವು 2024ರಲ್ಲಿ ವಿಧಿಸಿರುವುದು ಸ್ವಾಗತಾರ್ಹವೇ. ಆದರೂ ಎದೆನೋವಿನವನಿಗೆ ಒಂದು ಗಂಟೆಯೆಂಬುದು ಅಲ್ಪಕಾಲವಲ್ಲ. ಕೌಂಟರಿನಲ್ಲಿ ಕಾಗದ ಓಡಾಡುತ್ತಿರಲಿ, ಒಳಗೆ ಚಿಕಿತ್ಸೆ ಆಗಲೇ ಆರಂಭವಾಗಿರಲಿ.